ಇದನ್ನು ಯಾರು ಕೇಳಿದ್ದರು?

ಅಂಗಡಿಯಿಂದ ತರಕಾರಿ ತಂದರೆ ಮನೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಚೀಲ ಅಡುಗೆಮನೆ ಸೇರುತ್ತದೆ, ಅಷ್ಟೆ. ತೋಟದಿಂದ ವಾರದ ಬಾಕ್ಸ್ ಬಂದರೆ ಮಾತ್ರ ಎಲ್ಲರೂ ಬಂದು ಇಣುಕುತ್ತಾರೆ. ಇಣುಕಿದವರ ಬಾಯಲ್ಲಿ ಒಂದೇ ಪ್ರಶ್ನೆ: ಇದನ್ನು ಯಾರು ಕೇಳಿದ್ದರು? ಯಾರೂ ಕೇಳಿರಲಿಲ್ಲ. ದುಡ್ಡು ನಮ್ಮದೇ, ಅದೂ ಬಿತ್ತನೆಗೆ ಮೊದಲೇ ಕೊಟ್ಟ ದುಡ್ಡು. ಆದರೆ ಇಂಥದ್ದೇ ಬೇಕು ಅಂತ ನಾವು ಹೇಳಿಲ್ಲ, ಏನು ಬೇಕು ಅಂತ ಅವರೂ ಕೇಳಿಲ್ಲ. ಆ ವಾರ ತೋಟದಲ್ಲಿ ಏನು ಕೊಯ್ಲಿಗೆ ಬಂತೋ ಅದರಲ್ಲಿ ನಮ್ಮ ಪಾಲು ಬಂದಿದೆ. ಸೇರುವಾಗಲೇ ಇದು ಗೊತ್ತಿತ್ತು. ಗೊತ್ತಿದ್ದರೂ ಆ ಪ್ರಶ್ನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ನಾವು ಕೇಳಿಲ್ಲ ಅಂದಮೇಲೆ ಕೇಳಿದವರು ಯಾರು? ಅದರ ಬೆನ್ನಿಗೇ ಇನ್ನೊಂದು: ಅಂಗಡಿಯಲ್ಲಿ ಕೈಯಾರೆ ಆರಿಸಿ ತರುತ್ತೇವಲ್ಲ, ಅದನ್ನಾದರೂ ನಿಜವಾಗಿ ನಾವು ಕೇಳಿದ್ದೆವಾ?

ಮುಂದೆ ಹೋಗುವ ಮೊದಲು ಒಂದು ಮಾತು. ತರಕಾರಿ ಬಾಕ್ಸ್ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಹಾರ ನಡೆಯುತ್ತವೆ. ಒಂದರಲ್ಲಿ ಕಂಪನಿಯೊಂದು ಹತ್ತಾರು ತೋಟಗಳಿಂದ ತರಿಸಿ, ಜೋಡಿಸಿ, ಮನೆಗೆ ಕಳಿಸುತ್ತದೆ. ಬೇಡವಾದ ವಾರ ನಿಲ್ಲಿಸಬಹುದು, ಬೇಡವಾದದ್ದನ್ನು ತೆಗೆಸಬಹುದು. ಅದು ಅಂಗಡಿಯೇ, ಬಾಗಿಲಿಗೆ ಬರುತ್ತದೆ ಅಷ್ಟೆ. ಇನ್ನೊಂದರಲ್ಲಿ ಒಂದು ತೋಟದ ಸುತ್ತ ಒಂದಷ್ಟು ಮನೆಗಳು ಸೇರಿಕೊಂಡು ಇಡೀ ಹಂಗಾಮಿನ ದುಡ್ಡನ್ನು ಮುಂಗಡ ಕೊಡುತ್ತವೆ. ಬೆಳೆದದ್ದನ್ನು ಹಂಚಿಕೊಳ್ಳುತ್ತವೆ. ಬೆಳೆಯದಿದ್ದರೆ ಅದನ್ನೂ ಹಂಚಿಕೊಳ್ಳುತ್ತವೆ. ನಾನು ಹೇಳುತ್ತಿರುವುದು ಈ ಎರಡನೆಯದರ ಬಗ್ಗೆ.

ಲಾರಿ ಹತ್ತದ ತರಕಾರಿ

ದೊಡ್ಡ ಅಂಗಡಿಯ ತರಕಾರಿ ಸಾಲಿನ ಮುಂದೆ ನಿಂತರೆ ಪ್ರಪಂಚದ ತರಕಾರಿಯೆಲ್ಲ ಇಲ್ಲೇ ಇದೆ ಅನ್ನಿಸುತ್ತದೆ. ನಿಜಕ್ಕೂ ಅಲ್ಲಿರುವುದು ಸೋಸಿ ಉಳಿದದ್ದು. ಅಲ್ಲಿಗೆ ಬರಬೇಕಾದರೆ ಕೊಯ್ದು ದಿನಗಟ್ಟಲೆ ಆದರೂ ಬಾಡಬಾರದು. ಒಂದರ ಮೇಲೊಂದು ಪೇರಿಸಿದರೂ ಜಜ್ಜಿಹೋಗಬಾರದು. ಗಾತ್ರ ಒಂದೇ ಸಮ ಇರಬೇಕು. ವರ್ಷದ ಯಾವ ತಿಂಗಳಲ್ಲಿ ಕೇಳಿದರೂ ಎಲ್ಲಿಂದಾದರೂ ಸಿಗಬೇಕು. ಟೊಮೆಟೊವನ್ನು ಹಸಿರಿರುವಾಗಲೇ ಕೊಯ್ದು, ಆಮೇಲೆ ಎಥಿಲೀನ್ ಅನಿಲ ಬಿಟ್ಟು ಕೆಂಪು ಮಾಡುವುದು ಇದಕ್ಕಾಗಿಯೇ. ಇಡೀ ಕಾಯಿ ಒಂದೇ ಸಮ ಬಣ್ಣಕ್ಕೆ ತಿರುಗಲಿ ಅಂತ ತಳಿಗಾರರು ದಶಕಗಳಿಂದ ಒಂದು ಗುಣವನ್ನು ಆರಿಸಿಕೊಂಡು ಬಂದರು. ಹಣ್ಣಿನಲ್ಲಿ ಸಕ್ಕರೆ ಕಡಿಮೆಯಾಗುವುದಕ್ಕೆ ಅದೇ ಗುಣ ಒಂದು ಕಾರಣ ಅಂತ 2012ರಲ್ಲಿ ವಿಜ್ಞಾನಿಗಳು ಪತ್ತೆ ಹಚ್ಚಿದರು. ರುಚಿ ಕಮ್ಮಿ ಮಾಡಿ ಅಂತ ಯಾರೂ ಕೇಳಿರಲಿಲ್ಲ. ನೋಡಲು ಚೆನ್ನಾಗಿರಲಿ, ಒಟ್ಟಿಗೇ ಕೊಯ್ಯಲು ಅನುಕೂಲವಾಗಲಿ ಅಂದರು. ಅದರ ಜೊತೆ ಇದೂ ಬಂತು.

ಬೀಟ್‌ರೂಟನ್ನೇ ತೆಗೆದುಕೊಳ್ಳಿ. ಅಂಗಡಿಗೆ ಬರುವುದು ಹೆಚ್ಚಾಗಿ ಬರೀ ಗೆಡ್ಡೆ. ಸೊಪ್ಪು ಗೆಡ್ಡೆಗಿಂತ ಬೇಗ ಬಾಡುತ್ತದೆ, ಜಾಗ ತಿನ್ನುತ್ತದೆ, ಗೆಡ್ಡೆಯ ನೀರನ್ನೂ ಎಳೆಯುತ್ತದೆ. ಹಾಗಾಗಿ ಅದನ್ನು ಕತ್ತರಿಸಿ ಎಸೆದು ಗೆಡ್ಡೆಯನ್ನು ಮಾತ್ರ ಕಳಿಸುತ್ತಾರೆ. ಬಾಕ್ಸಿನಲ್ಲಿ ಬರುವ ಬೀಟ್‌ರೂಟಿಗೆ ಮೊಣಕೈ ಉದ್ದದ ಕೆಂಪು ದಂಟು, ಹೊಳೆಯುವ ಎಲೆ. ಒಂದೇ ಗಿಡದಲ್ಲಿ ಎರಡು ದಿನದ ಅಡುಗೆ. ಬೆಳ್ಳುಳ್ಳಿಯ ಹೂದಂಟೂ ಹಾಗೇ. ಕೆಲವು ಜಾತಿಯ ಬೆಳ್ಳುಳ್ಳಿ ಬೇಸಿಗೆಯ ಶುರುವಿನಲ್ಲಿ ಸುರುಳಿ ಸುತ್ತಿದ ಹಸಿರು ದಂಟು ಬಿಡುತ್ತದೆ. ಅದನ್ನು ಬಿಟ್ಟರೆ ಗಿಡದ ಶಕ್ತಿ ಹೂವಿಗೆ ಹೋಗಿ ಗೆಡ್ಡೆ ಸಣ್ಣದಾಗುತ್ತದೆ ಅಂತ ಮುರಿದು ಹಾಕುತ್ತಾರೆ. ಮುರಿದದ್ದನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿದರೆ ಬೆಳ್ಳುಳ್ಳಿಯದೇ ಘಮ, ಖಾರ ಕಡಿಮೆ. ಇದು ಸಿಗುವುದು ವರ್ಷಕ್ಕೆ ಕೆಲವೇ ವಾರ. ಕೆಲವೇ ವಾರ ಸಿಗುವುದಕ್ಕೆ ಅಂಗಡಿಯವರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ?

ಹಾಗಂತ ಎಲ್ಲವನ್ನೂ ಲಾರಿಯ ತಲೆಗೆ ಕಟ್ಟುವ ಹಾಗಿಲ್ಲ. ನವಿಲುಕೋಸು ಚೆನ್ನಾಗಿಯೇ ಉಳಿಯುತ್ತದೆ. ಸೆಲೆರಿಯಾಕ್ ಅನ್ನುವ ಗೆಡ್ಡೆಯಂಥ ತರಕಾರಿ ಅಂತೂ ತಣ್ಣಗಿನ ಜಾಗದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ, ಲಾರಿಯಲ್ಲಿ ಎಷ್ಟು ಕುಲುಕಿದರೂ ಅದಕ್ಕೆ ಏನೂ ಆಗುವುದಿಲ್ಲ. ಅವು ನಮ್ಮಲ್ಲಿ ಎಷ್ಟೋ ಜನಕ್ಕೆ ಗುರುತಿಲ್ಲದೇ ಉಳಿದಿರುವುದಕ್ಕೆ ಬೇರೆ ಕಾರಣ ಇರಬೇಕು. ಒಂದು ಕಾರಣ ಬೇಗ ಗೊತ್ತಾಯಿತು. ಅವುಗಳ ಸಿಪ್ಪೆ ತೆಗೆಯುವುದು ದೊಡ್ಡ ಕೆಲಸ.

ಇನ್ನು ತೋಟದ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. ಬೆಳೆಗಾರರಿಗೆ ಹಂಗಾಮಿನ ಪ್ರತಿ ವಾರವೂ ಬಾಕ್ಸ್ ತುಂಬಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿ ಬರುವುದು ಬಿಸಿಲು ಏರಿದ ಮೇಲೆ. ಅಲ್ಲಿಯವರೆಗೆ? ಸಣ್ಣ ಮೂಲಂಗಿ ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ನವಿಲುಕೋಸು, ಎಳೆ ಟರ್ನಿಪ್ ಎರಡು ತಿಂಗಳ ಒಳಗೆ. ಚಾರ್ಡ್ ಸೊಪ್ಪು ಹೊರಗಿನ ಎಲೆ ಕಿತ್ತಷ್ಟೂ ಒಳಗಿನಿಂದ ಮತ್ತೆ ಚಿಗುರುತ್ತದೆ. ಮೊದಲ ವಾರಗಳ ಬಾಕ್ಸಿನಲ್ಲಿ ಇವೇ ತುಂಬಿರುವುದು ಅದಕ್ಕೆ. ಮೇಲಿಂದ ಬೆಳೆ ಬದಲಿಸುವ ಕಟ್ಟುಪಾಡು ಬೇರೆ. ಕೋಸಿನ ಜಾತಿಯವನ್ನು ಅದೇ ಮಡಿಯಲ್ಲಿ ಮತ್ತೆ ಮತ್ತೆ ಹಾಕಿದರೆ ಬೇರು ಗಂಟುಗಟ್ಟುವ ರೋಗ ಮಣ್ಣಿನಲ್ಲಿ ಬೇರೂರಿ ವರ್ಷಗಟ್ಟಲೆ ಕಾಡುತ್ತದೆ. ಹಾಗಾಗಿ ಈ ವರ್ಷ ಕೋಸು ಇದ್ದಲ್ಲಿ ಮುಂದಿನ ವರ್ಷ ಹುರುಳಿ ಜಾತಿಯದು, ಆಮೇಲೆ ಗೆಡ್ಡೆ, ಆಮೇಲೆ ಇನ್ನೇನೋ. ತೋಟದವರನ್ನು ಒಮ್ಮೆ ಕೇಳಿದ್ದೆ, ಈ ವಾರದ್ದನ್ನು ಹೇಗೆ ತೀರ್ಮಾನ ಮಾಡ್ತೀರಿ ಅಂತ. ಅವರು ನಕ್ಕರು. 'ತೀರ್ಮಾನ ಎಲ್ಲಿಂದ ಬಂತು? ಯಾವ ಮಡಿ ಖಾಲಿಯಾಗಬೇಕೋ ಅದು ನಿಮ್ಮ ಮನೆಗೆ ಬರುತ್ತೆ' ಅಂದರು. ನನ್ನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಕ್ಕಿಲ್ಲ.

ಸೆಲೆರಿಯಾಕ್ ಬಂದ ವಾರ

ಸೆಲೆರಿಯಾಕ್ ಬಂದದ್ದು ಹಂಗಾಮಿನ ಕೊನೆಗೆ. ಬಾಕ್ಸಿನ ತಳದಲ್ಲಿ ಕೂತಿತ್ತು. ಮಣ್ಣು ಮೆತ್ತಿದ ಉಂಡೆ. ಕೆಳಗೆಲ್ಲ ಒಂದರೊಳಗೊಂದು ಹೆಣೆದುಕೊಂಡ ಬೇರು, ಬೇರಿನ ಸಂದಿಯಲ್ಲಿ ಕಲ್ಲು. ನಮ್ಮ ಮನೆಯವರು ಎತ್ತಿ ತೂಗಿ ನೋಡಿ, 'ಏನೇ ಇದು, ಯಾವುದೋ ಮರದ ಬುಡ ಕಿತ್ತು ಕಳಿಸಿದ್ದಾರಲ್ಲ' ಅಂದರು. ಮಗಳು ಮೂಗಿನ ಹತ್ತಿರ ಹಿಡಿದು, 'ಅಮ್ಮಾ, ಇದು ಸೂಪಿನ ವಾಸನೆ ಬರುತ್ತೆ' ಅಂದಳು. ಅವಳು ಹೇಳಿದ್ದೇ ಸರಿ. ಇದು ಸೆಲೆರಿ ಜಾತಿಯದೇ ಗಿಡ. ಅದರಲ್ಲಿ ದಂಟಿಗಾಗಿ ಬೆಳೆಸಿದ್ದು ಒಂದು, ಬುಡ ಉಬ್ಬುವ ಹಾಗೆ ಆರಿಸಿಕೊಂಡು ಬಂದದ್ದು ಇದು. ಎಷ್ಟೋ ಸೂಪುಗಳ ವಾಸನೆಯ ಮೂಲ ಈ ಗಿಡವೇ.

ಸಿಪ್ಪೆ ತೆಗೆಯುವ ಸಲಕರಣೆ ಇದರ ಮುಂದೆ ಏನೂ ಮಾಡಲಾರದು. ದೊಡ್ಡ ಚಾಕು ಬೇಕು. ಮೇಲೆ ಕೆಳಗೆ ಎರಡೂ ಕಡೆ ಕತ್ತರಿಸಿ ಮಟ್ಟ ಮಾಡಿದೆ. ಮಣೆಯ ಮೇಲೆ ಅಲುಗಾಡದ ಹಾಗೆ ನಿಲ್ಲಿಸಿ, ಪಕ್ಕದಿಂದ ಮೇಲಿನಿಂದ ಕೆಳಕ್ಕೆ ಚಾಕು ಇಳಿಸುತ್ತಾ ಬಂದೆ. ಬೇರಿನ ಗಂಟುಗಳ ಜೊತೆ ಒಳಗಿನ ತಿರುಳೂ ಒಂದಷ್ಟು ಹೋಗುತ್ತದೆ, ಅದಕ್ಕೆ ಕರುಣೆ ತೋರಿಸಿದರೆ ಹಲ್ಲಿಗೆ ಮಣ್ಣು ಸಿಗುತ್ತದೆ. ಕೊನೆಗೆ ಉಳಿದದ್ದು ದಂತದ ಬಣ್ಣದ ಗಟ್ಟಿ ತುಂಡು, ತಂದದ್ದರಲ್ಲಿ ಮುಕ್ಕಾಲು ಪಾಲು ಇರಬಹುದು. ಗಾಳಿ ತಗುಲಿದರೆ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ ಅಂತ ನಿಂಬೆರಸ ಹಿಂಡಿದ ನೀರಿಗೆ ಹಾಕಿಟ್ಟೆ. ಒಂದು ಚೂರು ಹಸಿಯಾಗಿ ಬಾಯಿಗೆ ಹಾಕಿಕೊಂಡೆ. ಗರಿಗರಿ, ಸ್ವಲ್ಪ ಒಗರು, ಬಾಯಿ ಕೊನೆಗೆ ಸಣ್ಣ ಸಿಹಿ. ಫ್ರಾನ್ಸಿನಲ್ಲಿ ಇದನ್ನು ಕಡ್ಡಿಯ ಹಾಗೆ ಸಣ್ಣಗೆ ಹೆಚ್ಚಿ ಸಾಸಿವೆ ಬೆರೆಸಿದ ಮೇಯೊನೇಸ್‌ನಲ್ಲಿ ಕಲಸಿ ಹಸಿಯಾಗಿಯೇ ತಿನ್ನುತ್ತಾರೆ. ನಾನು ಅರ್ಧವನ್ನು ಆಲೂಗಡ್ಡೆ ಜೊತೆ ಬೇಯಿಸಿ ಮಸೆದೆ, ಇನ್ನರ್ಧಕ್ಕೆ ಎಣ್ಣೆ, ಉಪ್ಪು ಸವರಿ ಓವನ್ನಿನೊಳಗೆ ಇಟ್ಟೆ.

ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ಬೆಂದಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ. ಆಲೂಗಡ್ಡೆ ಬೆಂದದ್ದು ನೋಡಿದರೇ ತಿಳಿಯುತ್ತದೆ. ಸೊಪ್ಪು ಬೆಂದದ್ದು ವಾಸನೆಯಲ್ಲೇ ತಿಳಿಯುತ್ತದೆ, ಪಕ್ಕದ ಕೋಣೆಯಲ್ಲಿದ್ದರೂ ಓಡಿ ಬಂದು ಒಲೆ ಆರಿಸುತ್ತೇನೆ. ಇಲ್ಲಿ ಹಾಗಲ್ಲ. ಚಾಕುವಿನ ತುದಿ ಚುಚ್ಚಿ ನೋಡು, ಮುಚ್ಚು, ಮತ್ತೆ ತೆಗೆದು ಚುಚ್ಚು. ಇಷ್ಟು ನಿಮಿಷ ಅಂತ ಬರೆದಿರುತ್ತಾರೆ, ಆದರೆ ಅವರ ತುಂಡಿನ ಗಾತ್ರ ಯಾರಿಗೆ ಗೊತ್ತು? ವರ್ಷಗಟ್ಟಲೆ ಅಡುಗೆ ಮಾಡಿದ ಕೈಗೆ ಇದು ಅವಮಾನ ಅಲ್ಲ, ಆದರೆ ಅಭ್ಯಾಸ ಇಲ್ಲದ ಅನುಭವ. ಹೊಸ ತರಕಾರಿ ಅಂದರೆ ಹೊಸ ರುಚಿ ಅಂದುಕೊಳ್ಳುತ್ತೇವೆ. ರುಚಿಯಲ್ಲಿ ಅಂಥ ಹೊಸತು ಇರುವುದು ಕಡಿಮೆ. ಹೊಸತು ಇರುವುದು ಈ ಗೊತ್ತಾಗದಿರುವುದರಲ್ಲಿ. ಯಾವಾಗ ಕೊಯ್ದದ್ದು, ಎಷ್ಟು ಬಲಿತಿದೆ, ಎಲ್ಲಿ ನಾರು, ಎಲ್ಲಿ ಕಹಿ, ಉಪ್ಪು ಎಷ್ಟು ಹಿಡಿಯುತ್ತದೆ, ಇದೆಲ್ಲ ಕೈಗೆ ಗೊತ್ತಿರುವ ವಿಷಯ. ಪುಸ್ತಕ ನೋಡಿ ಇದನ್ನು ಕಲಿಯುವುದಕ್ಕೆ ಆಗುವುದಿಲ್ಲ. ಹಂತ ಹಂತಕ್ಕೂ ಬಾಯಿಗೆ ಹಾಕಿಕೊಂಡು ನೋಡಬೇಕು. ಹಸಿ, ಅರೆಬೆಂದದ್ದು, ಬೆಂದದ್ದು, ಜಾಸ್ತಿ ಬೆಂದದ್ದು. ಆಮೇಲೆ ಅದು ನಮ್ಮದು.

ಅಂಚು ಕಂದು ತಿರುಗಿ, ಒಳಗೆ ಬೆಣ್ಣೆಯಷ್ಟು ಮೆತ್ತಗಾದಾಗ ತೆಗೆದೆ. ಎಲ್ಲರೂ ತಿಂದರು. ಮಗಳು ಇನ್ನೊಂದು ಸಲ ಹಾಕಿಸಿಕೊಂಡಳು, ಆದರೆ ಚೆನ್ನಾಗಿದೆ ಅಂತ ಬಾಯಿ ಬಿಟ್ಟು ಹೇಳಲಿಲ್ಲ.

ಬೇರಾ, ದಂಟಾ, ಎಲೆಯಾ

ಹೆಸರು ಗೊತ್ತಿಲ್ಲದ ತರಕಾರಿ ಬಂದಾಗ ನಾನು ಈಗ ಹೆಸರಿನ ಹಿಂದೆ ಹೋಗುವುದಿಲ್ಲ. ಇದು ಗಿಡದ ಯಾವ ಭಾಗ ಅಂತ ನೋಡುತ್ತೇನೆ. ಆಮೇಲೆ ಇದು ಯಾರ ನೆಂಟ ಅಂತ. ಎಲೆಕೋಸು, ಹೂಕೋಸು, ಬ್ರೊಕೊಲಿ, ನವಿಲುಕೋಸು, ಕೇಲ್, ಬೆರಳುಗಾತ್ರದ ಬ್ರಸೆಲ್ಸ್ ಮೊಗ್ಗು, ಇವೆಲ್ಲ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿ. ಒಂದೇ ಗಿಡವನ್ನು ಒಬ್ಬರು ಎಲೆಗಾಗಿ, ಇನ್ನೊಬ್ಬರು ಹೂವಿಗಾಗಿ, ಮತ್ತೊಬ್ಬರು ದಂಟಿಗಾಗಿ ತಲೆಮಾರುಗಟ್ಟಲೆ ಆರಿಸುತ್ತಾ ಬಂದಿದ್ದಾರೆ. ನವಿಲುಕೋಸು ಗೆಡ್ಡೆಯ ಹಾಗೆ ಕಂಡರೂ ಬೇರಲ್ಲ, ನೆಲದ ಮೇಲೆ ಉಬ್ಬಿದ ದಂಟು. ಬ್ರೊಕೊಲಿಯ ದಪ್ಪ ದಂಟಿನ ಸಿಪ್ಪೆ ತೆಗೆದು ತಿಂದವರಿಗೆ ನವಿಲುಕೋಸು ಹೊಸದೇನಲ್ಲ. ಚಾರ್ಡ್ ಮತ್ತು ಬೀಟ್‌ರೂಟ್ ಕೂಡ ಒಂದೇ ಜಾತಿ. ಒಂದಕ್ಕೆ ಎಲೆ ದೊಡ್ಡದು, ಇನ್ನೊಂದಕ್ಕೆ ಬುಡ ದೊಡ್ಡದು. ಹಾಗಾಗಿ ಎರಡರ ಸೊಪ್ಪನ್ನೂ ಒಂದೇ ಥರ ಮಾಡಬಹುದು: ದಂಟು ಬೇರೆ, ಎಲೆ ಬೇರೆ ಮಾಡಿ, ದಂಟನ್ನು ಮೊದಲು ಬಾಣಲೆಗೆ ಹಾಕಿ, ಅದು ಮೆತ್ತಗಾದ ಮೇಲೆ ಎಲೆ. ಫೆನೆಲ್ ಗೆಡ್ಡೆಯೂ ಗೆಡ್ಡೆಯಲ್ಲ, ಒಂದರ ಮೇಲೊಂದು ಕೂತು ದಪ್ಪಗಾದ ಎಲೆಯ ಬುಡ. ಸೋಂಪು ಕಾಳು ಬರುವುದು ಇದೇ ಗಿಡದಿಂದ, ಎರಡರ ಪರಿಮಳಕ್ಕೂ ಅನೆಥೋಲ್ ಅನ್ನುವ ಒಂದೇ ವಸ್ತು ಕಾರಣ. ಹಸಿಯಾಗಿ ತಿಂದರೆ ಆ ವಾಸನೆ ಜೋರು. ನಿಧಾನವಾಗಿ ಬಾಡಿಸಿದರೆ ಅದು ತಗ್ಗಿ ಸಿಹಿ ಮೇಲೆ ಬರುತ್ತದೆ.

ಈ ನೆಂಟಸ್ತಿಕೆಯ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಬೀಟ್‌ರೂಟ್, ಮೂಲಂಗಿ, ಟರ್ನಿಪ್ ಸೊಪ್ಪು ತಿನ್ನಬಹುದು ಅಂತ ರೂಬಾರ್ಬ್ ಎಲೆ ತಿನ್ನಲು ಹೋಗಬಾರದು. ಅದರ ದಂಟು ಮಾತ್ರ ಊಟಕ್ಕೆ, ಎಲೆ ವಿಷ. ಆಲೂಗಡ್ಡೆ ಗಿಡದ ಸೊಪ್ಪೂ ಬೇಡ. ಹಸಿರು ತಿರುಗಿದ ಆಲೂಗಡ್ಡೆಯೂ ಬೇಡ. ಜುಕಿನಿ, ಸೌತೆ, ಕುಂಬಳ ಜಾತಿಯದು ಯಾವುದಾದರೂ ಬಾಯಿಗಿಟ್ಟ ಕೂಡಲೇ ವಿಪರೀತ ಕಹಿ ಅನ್ನಿಸಿದರೆ ಉಗಿದು ಎಸೆಯಬೇಕು. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ. ವ್ಯರ್ಥ ಮಾಡಬಾರದು ಅನ್ನುವ ಹಠದಲ್ಲಿ ಇದನ್ನು ಮರೆಯುವವರು ಇದ್ದಾರೆ.

ಕೋಸಿನ ಜಾತಿ ಕಂಡರೆ ಮುಖ ಸಿಂಡರಿಸುವವರ ಮೇಲೂ ನನಗೆ ಈಗ ಕೋಪ ಇಲ್ಲ. ಅವುಗಳಲ್ಲಿ ಗಂಧಕ ಇರುವ ವಸ್ತುಗಳಿವೆ. ಬೇಯಿಸುವುದು ಜಾಸ್ತಿ ಆದಷ್ಟೂ ಆ ವಾಸನೆ ಏರುತ್ತಾ ಹೋಗುತ್ತದೆ. ಇನ್ನು ಕಹಿಯ ವಿಷಯ. ನಾಲಿಗೆ ಕಹಿಯನ್ನು ಗುರುತಿಸುವುದರ ಹಿಂದೆ ಒಂದು ಜೀನ್ ಇದೆ, ಅದರ ರೂಪ ಎಲ್ಲರಲ್ಲೂ ಒಂದೇ ಅಲ್ಲ. ಒಂದೇ ತಟ್ಟೆಯ ಕೇಲ್ ಒಬ್ಬರಿಗೆ ಸಪ್ಪೆ, ಪಕ್ಕದವರಿಗೆ ಕಹಿ. ಮಕ್ಕಳು ಹಟ ಮಾಡುತ್ತಾರೆ ಅಂತ ಬೈಯುವಾಗ ಇದು ನೆನಪಿದ್ದರೆ ಒಳ್ಳೆಯದು. ಬಲವಂತ ಮಾಡದೆ ಎಂಟು ಹತ್ತು ಸಲ ಒಂದೊಂದು ಚೂರು ರುಚಿ ತೋರಿಸಿದರೆ ಎಷ್ಟೋ ಮಕ್ಕಳು ಒಪ್ಪಿಕೊಳ್ಳುತ್ತಾರೆ ಅಂತ ಅಧ್ಯಯನಗಳು ಹೇಳುತ್ತವೆ. ಇದಕ್ಕೆ ಬಾಕ್ಸ್ ಹೇಳಿ ಮಾಡಿಸಿದ್ದು, ಯಾಕೆಂದರೆ ಅದೇ ತರಕಾರಿ ಬಂದೇ ಬರುತ್ತದೆ, ಬೇಡ ಅಂದರೂ ಬರುತ್ತದೆ.

ಜೆರುಸಲೇಂ ಆರ್ಟಿಚೋಕ್ ವಿಷಯ ಬೇರೆ. ಇದು ಉತ್ತರ ಅಮೆರಿಕ ಮೂಲದ, ಸೂರ್ಯಕಾಂತಿ ಕುಲದ ಗಿಡದ ಗೆಡ್ಡೆ. ನೋಡಲು ಶುಂಠಿ. ಹುರಿದರೆ ಬಹಳ ರುಚಿ, ಒಳಗೆ ಸಿಹಿ ಸಿಹಿ. ಮನೆಯವರು ಎರಡೆರಡು ಸಲ ಬಡಿಸಿಕೊಂಡರು. ಆದರೆ ಈ ಗೆಡ್ಡೆ ತನ್ನ ಆಹಾರವನ್ನು ಪಿಷ್ಟದ ರೂಪದಲ್ಲಿ ಇಡುವುದಿಲ್ಲ, ಇನ್ಯುಲಿನ್ ಅನ್ನುವ ನಾರಿನ ರೂಪದಲ್ಲಿ ಇಡುತ್ತದೆ. ನಮ್ಮ ಸಣ್ಣ ಕರುಳಿಗೆ ಅದನ್ನು ಜೀರ್ಣಿಸಲು ಬರುವುದಿಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆ ರಾತ್ರಿಯ ವಿವರ ಇಲ್ಲಿ ಬೇಡ. ಬೆಳಿಗ್ಗೆ ಅವರು ಒಂದೇ ಮಾತು ಹೇಳಿದರು, 'ಇದು ಯಾಕೆ ಅಂಗಡಿಯಲ್ಲಿ ಇರಲ್ಲ ಅಂತ ಈಗ ಅರ್ಥ ಆಯ್ತು.' ಕೆಲವು ತರಕಾರಿ ಅಪರಿಚಿತವಾಗಿ ಉಳಿದಿರುವುದಕ್ಕೆ ಲಾರಿ ಕಾರಣ ಅಲ್ಲ, ಅನುಭವಸ್ಥರು ಕಾರಣ.

ಅದಲು ಬದಲು ಬುಟ್ಟಿ

ಬಾಕ್ಸ್ ತೆಗೆದುಕೊಳ್ಳುವ ಜಾಗದಲ್ಲಿ ಒಂದು ಬುಟ್ಟಿ ಇಟ್ಟಿರುತ್ತಾರೆ. ಬೇಡವಾದದ್ದನ್ನು ಅದರಲ್ಲಿ ಹಾಕಿ, ಬೇಕಾದದ್ದನ್ನು ಎತ್ತಿಕೊಳ್ಳಬಹುದು. ಸದಸ್ಯರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು ಬೇರೆ ಸಮೀಕ್ಷೆ ಬೇಡ, ಈ ಬುಟ್ಟಿ ನೋಡಿದರೆ ಸಾಕು. ಸಂಜೆ ಹೊತ್ತಿಗೆ ಅದರಲ್ಲಿ ಬರೀ ಫೆನೆಲ್, ಚಾರ್ಡ್, ಕಹಿ ಸೊಪ್ಪು. ಒಂದೇ ಒಂದು ಟೊಮೆಟೊ ಇರುವುದಿಲ್ಲ.

ಒಂದು ಸಲ ನಾನು ಹೋದಾಗ ವಯಸ್ಸಾದ ಹೆಂಗಸೊಬ್ಬರು ಬುಟ್ಟಿಯ ಪಕ್ಕ ನಿಂತಿದ್ದರು. ಎರಡು ದೊಡ್ಡ ಬಟ್ಟೆ ಚೀಲ. ಬಂದವರು ಬೀಟ್‌ರೂಟಿನ ಸೊಪ್ಪು ಮುರಿದು ಕಸಕ್ಕೆ ಹಾಕುವುದನ್ನು ನೋಡುತ್ತಿದ್ದರು. ನಾಲ್ಕನೆಯವರೋ ಐದನೆಯವರೋ ಮುರಿಯುವ ಹೊತ್ತಿಗೆ ತಡೆಯಲಾರದೆ ಹತ್ತಿರ ಹೋಗಿ, 'ಗೆಡ್ಡೆ ನಿಮಗಿರಲಿ, ಸೊಪ್ಪು ನನಗೆ ಕೊಡಿ' ಅಂದರು. ಆಮೇಲೆ ಅದೇ ಅವರ ಕೆಲಸ ಆಯಿತು. ಬಂದವರೆಲ್ಲ ಮುರಿದು ಅವರ ಕೈಗೆ ಕೊಡುತ್ತಿದ್ದರು. ಅವರು ಪ್ರತಿ ಕಟ್ಟನ್ನೂ ಬಿಡಿಸಿ, ಹಳದಿ ಎಲೆ ತೆಗೆದು, ದಂಟುಗಳನ್ನು ಒಂದೇ ಕಡೆ ಮಾಡಿ ಚೀಲಕ್ಕೆ ಇಳಿಸುತ್ತಿದ್ದರು. ಕೈ ನಿಲ್ಲಲೇ ಇಲ್ಲ. ನನ್ನ ಸರದಿ ಬಂದಾಗ ನಾನು ಸೊಪ್ಪು ಕೊಡಲಿಲ್ಲ, ನನಗೂ ಬೇಕು ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಹೇಗೆ ಮಾಡ್ತೀರಿ?' ಅಂದರು. ಹೇಳಿದೆ. 'ನೀರು ಹಾಕ್ಬೇಡಿ. ತೊಳೆದಾಗ ಎಲೆ ಮೇಲೆ ನಿಂತ ನೀರೇ ಸಾಕು' ಅಂದರು. ಅಷ್ಟೇ ಮಾತು. ಈಗಲೂ ಹಾಗೇ ಮಾಡುತ್ತೇನೆ.

ಇಂಥವರು ಪ್ರತಿ ಗುಂಪಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಲ್ಲದಿದ್ದರೆ ಈ ಯೋಜನೆಗಳು ಉಳಿಯುತ್ತವೋ ಇಲ್ಲವೋ ಅಂತ ನನಗೆ ಅನುಮಾನ. ಜನ ಬಿಟ್ಟು ಹೋಗುವುದು ಸಾಮಾನ್ಯವಾಗಿ ತರಕಾರಿ ಚೆನ್ನಾಗಿಲ್ಲ ಅಂತ ಅಲ್ಲ, ಫ್ರಿಜ್ಜಿನಲ್ಲಿ ಕೊಳೆಯುತ್ತಿದೆ ಅಂತ. ಕೊಳೆಯದ ಹಾಗೆ ಇಡುವುದು ಅಂಥ ವಿದ್ಯೆಯೇನಲ್ಲ. ಬಂದ ದಿನವೇ ಗೆಡ್ಡೆ, ಸೊಪ್ಪು ಬೇರೆ ಮಾಡಬೇಕು. ಸೊಪ್ಪನ್ನು ತೊಳೆಯದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಸೇಬು, ಬಾಳೆಹಣ್ಣಿನ ಪಕ್ಕ ಸೊಪ್ಪು ಇಟ್ಟರೆ ಅವು ಬಿಡುವ ಎಥಿಲೀನಿನಿಂದ ಬೇಗ ಹಳದಿಯಾಗುತ್ತದೆ. ಸ್ವಲ್ಪ ಬಾಡಿದ್ದರೆ ತಣ್ಣೀರಿನಲ್ಲಿ ಅರ್ಧ ಗಂಟೆ ಬಿಟ್ಟರೆ ಮತ್ತೆ ಎದ್ದು ಕೂರುತ್ತದೆ. ತೊಂದರೆ ಇರುವುದು ಸಮಯದ್ದು. ಬಾಕ್ಸ್ ಬಂದ ಸಂಜೆ ಒಂದು ಗಂಟೆ ಕೂತು ಇದನ್ನೆಲ್ಲ ಮಾಡಲು ಮನೆಯಲ್ಲಿ ಯಾರಿಗೆ ಬಿಡುವಿದೆ? ಆ ಒಂದು ಗಂಟೆ ಹೆಚ್ಚಿನ ಮನೆಗಳಲ್ಲಿ ಹೆಂಗಸರದ್ದೇ. ತೋಟ, ಮಣ್ಣು, ಹಂಗಾಮು ಅಂತ ಭಾವುಕರಾಗಿ ಮಾತಾಡುವವರು ಈ ಗಂಟೆಯ ಬಗ್ಗೆ ಮಾತಾಡುವುದು ನಾನು ಕೇಳಿದ್ದು ಕಮ್ಮಿ.

ಬಂದದ್ದನ್ನು ಒಪ್ಪಿಕೊಳ್ಳುವುದು

ಈ ಏರ್ಪಾಡು ಎಲ್ಲಿಂದ ಬಂತು ಅಂತ ಹುಡುಕಿದರೆ ಒಂದೇ ಊರು ಸಿಗುವುದಿಲ್ಲ. ಜಪಾನಿನಲ್ಲಿ 1971ರಲ್ಲಿ ಸಾವಯವ ಕೃಷಿ ಸಂಘ ಶುರುವಾಯಿತು. ಕೀಟನಾಶಕದ ಭಯದಲ್ಲಿದ್ದ ನಗರದ ಮನೆಗಳು ರೈತರ ಜೊತೆ ನೇರ ಒಪ್ಪಂದ ಮಾಡಿಕೊಂಡವು, ಅದಕ್ಕೆ ತೇಕೇ ಅಂತ ಹೆಸರು. ಜಿನೀವಾದಲ್ಲಿ 1978ರಲ್ಲಿ ಜಾರ್ದ್ಯಾಂ ದ ಕೊಕಾಞ್ ಅನ್ನುವ ಸಹಕಾರಿ ತೋಟ ಹುಟ್ಟಿತು. ಅಮೆರಿಕದ ಅಲಬಾಮಾದಲ್ಲಿ ಟಸ್ಕೀಗಿಯ ಪ್ರಾಧ್ಯಾಪಕ ಬುಕರ್ ಟಿ. ವಾಟ್ಲಿ ಅವರು, ಮುಂಗಡ ದುಡ್ಡು ಕೊಟ್ಟು ಸದಸ್ಯರಾದ ಗಿರಾಕಿಗಳೇ ಬಂದು ಕೊಯ್ದುಕೊಂಡು ಹೋಗುವ ಪದ್ಧತಿಯನ್ನು ಸಣ್ಣ ರೈತರಿಗೆ ಹೇಳಿಕೊಡುತ್ತಿದ್ದರು. 1986ರಲ್ಲಿ ಮ್ಯಾಸಚೂಸೆಟ್ಸ್‌ನ ಇಂಡಿಯನ್ ಲೈನ್ ಫಾರ್ಮ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಟೆಂಪಲ್-ವಿಲ್ಟನ್ ತೋಟ ಬೇರೆ ಬೇರೆಯಾಗಿ ಈ ದಾರಿ ಹಿಡಿದವು. ಫ್ರಾನ್ಸಿನಲ್ಲಿ ಇಂಥ ಮೊದಲ ಗುಂಪು 2001ರಲ್ಲಿ ಒಬಾಞ್‌ನಲ್ಲಿ ಶುರುವಾಯಿತು.

ತೇಕೇ ಪದ್ಧತಿಗೆ 1978ರಲ್ಲಿ ಹತ್ತು ಸೂತ್ರ ಬರೆದರು. ಅದರಲ್ಲಿ ಒಂದನ್ನು ಓದಿದಾಗ ನಾನು ನಕ್ಕುಬಿಟ್ಟೆ. ರೈತರು ಕಳಿಸಿದ್ದನ್ನು ಮನೆಯವರು ಪೂರ್ತಿ ಒಪ್ಪಿಕೊಳ್ಳಬೇಕು, ಊಟವನ್ನು ಆದಷ್ಟೂ ಅದಕ್ಕೆ ಹೊಂದಿಸಿಕೊಳ್ಳಬೇಕು. ಅಂದರೆ ನಮ್ಮ ಮನೆಯ ಪ್ರಶ್ನೆ ಅಷ್ಟು ವರ್ಷದ ಹಿಂದೆಯೇ ಯಾರದೋ ಅಡುಗೆಮನೆಯಲ್ಲಿ ಎದ್ದಿರಬೇಕು. ಇಲ್ಲದಿದ್ದರೆ ಸೂತ್ರ ಬರೆಯುವ ಗತಿ ಯಾಕೆ ಬರುತ್ತಿತ್ತು, ಅಲ್ವಾ?

ಒಪ್ಪಿಕೊಳ್ಳುವುದು ಅಂದರೆ ಬಂದದ್ದನ್ನು ಮಾತ್ರ ಅಲ್ಲ, ಬಾರದೆ ಹೋದದ್ದನ್ನೂ. ಒಂದು ಬೇಸಿಗೆ ಮಳೆ ಬಿಡಲಿಲ್ಲ. ತಂಪು, ತೇವ. ಟೊಮೆಟೊ ಗಿಡದ ಎಲೆ ಮೇಲೆ ಕಂದು ಕಲೆ ಬಿತ್ತು, ಕಾಯಿ ಮೇಲೆ ಎಣ್ಣೆ ಅಂಟಿದ ಹಾಗೆ ಕಪ್ಪು. ಕೆಲವೇ ದಿನದಲ್ಲಿ ಸಾಲು ಸಾಲೇ ಹೋಯಿತು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದದ್ದು ಇದೇ ರೋಗ. ಆ ಹಂಗಾಮಿನಲ್ಲಿ ನಮಗೆ ಟೊಮೆಟೊ ಬರಲೇ ಇಲ್ಲ, ಬದಲಿಗೆ ಚಾರ್ಡ್ ಬಂತು, ಮತ್ತೆ ಚಾರ್ಡ್ ಬಂತು. ಒಬ್ಬ ಸದಸ್ಯರು ದುಡ್ಡು ವಾಪಸ್ ಕೇಳಿದರಂತೆ. ಅವರ ಮೇಲೆ ಬೇರೆಯವರಿಗೆ ಸಿಟ್ಟು ಬಂತು, ನನಗೆ ಬರಲಿಲ್ಲ. ಮುಂಗಡ ಕೊಡುವುದು ಅಂದರೆ ಬೀಜಕ್ಕೆ, ಕೂಲಿಗೆ ಬೇಕಾದ ದುಡ್ಡನ್ನು ಬಡ್ಡಿಯಿಲ್ಲದೆ ಕೊಟ್ಟ ಹಾಗೆ, ನಷ್ಟದಲ್ಲೂ ಪಾಲು ತೆಗೆದುಕೊಂಡ ಹಾಗೆ. ಇದು ಸೇರುವಾಗ ಕಾಗದದ ಮೇಲೆ ಇರುತ್ತದೆ. ಆದರೆ ಟೊಮೆಟೊ ಇಲ್ಲದ ಬೇಸಿಗೆ ಬರುವವರೆಗೂ ಅದನ್ನು ಯಾರೂ ನಿಜವಾಗಿ ಓದಿರುವುದಿಲ್ಲ. ಕೈಯಲ್ಲಿ ದುಡ್ಡು ಓಡಾಡುವವರಿಗೆ ಆ ನಷ್ಟ ಒಂದು ಕಥೆ. ಕೂಡಿಟ್ಟು ಕಟ್ಟಿದವರಿಗೆ ಅದು ಊಟ. ಟೆಂಪಲ್-ವಿಲ್ಟನ್‌ನಲ್ಲಿ ವರ್ಷದ ಖರ್ಚನ್ನು ಸಭೆಯ ಮುಂದಿಟ್ಟು, ಯಾರು ಎಷ್ಟು ಕೊಡಬಲ್ಲರೋ ಅಷ್ಟು ಅವರೇ ಹೇಳುವ ಪದ್ಧತಿ ಇದೆ. ಒಂದೇ ದರದ ಪಾಲಿಗಿಂತ ಅದು ಹೆಚ್ಚು ಪ್ರಾಮಾಣಿಕ ಅಂತ ನನಗೆ ಅನ್ನಿಸುತ್ತದೆ. ನಡೆಸುವುದು ಸುಲಭ ಇರಲಾರದು.

ಅರ್ಧ ಪಾಲು

ಮುಂದಿನ ಹಂಗಾಮಿಗೆ ನಾವು ಅರ್ಧ ಪಾಲು ತೆಗೆದುಕೊಳ್ಳುತ್ತಿದ್ದೇವೆ. ಪೂರ್ತಿ ಪಾಲು ಮೂರು ಜನರ ಮನೆಗೆ ಜಾಸ್ತಿ. ಹೊಸ ತರಕಾರಿಗಿಂತ ನಮ್ಮನ್ನು ಸೋಲಿಸಿದ್ದು ಗೊತ್ತಿರುವ ತರಕಾರಿಯ ರಾಶಿ. ಸೆಲೆರಿಯಾಕ್ ಬಂದ ದಿನ ಅಡುಗೆಮನೆಯಲ್ಲಿ ಉತ್ಸಾಹ ಇರುತ್ತದೆ, ಯಾರಾದರೂ ಬಂದು ಕೈಜೋಡಿಸುತ್ತಾರೆ. ಸತತವಾಗಿ ಚಾರ್ಡ್ ಬಂದಾಗ ಯಾರೂ ಅಡುಗೆಮನೆ ಕಡೆ ಸುಳಿಯುವುದಿಲ್ಲ. ಅರ್ಧ ಪಾಲಿನಲ್ಲಿ ಅದೂ ಅರ್ಧ. ಉಳಿದದ್ದಕ್ಕೆ ಅಂಗಡಿ ಇದ್ದೇ ಇದೆ. ಅಂಗಡಿಗೆ ಹೋದಾಗ ಒಂದು ಬದಲಾವಣೆ ಮಾತ್ರ ಆಗಿದೆ. ಏನು ಮಾಡಲಿ ಅಂತ ಯೋಚಿಸಿ ಅದಕ್ಕೆ ತಕ್ಕ ತರಕಾರಿ ಕೊಳ್ಳುವುದು ಕಡಿಮೆಯಾಗಿದೆ. ಯಾವುದು ಇವತ್ತು ಚೆನ್ನಾಗಿದೆ ಅಂತ ನೋಡಿ ಕೊಂಡು, ಏನು ಮಾಡುವುದು ಅಂತ ದಾರಿಯಲ್ಲಿ ಯೋಚಿಸುತ್ತೇನೆ.

ಈ ಸಲದ ಅರ್ಜಿಯಲ್ಲಿ ತೋಟದವರು ಹೊಸದೊಂದು ಸಾಲು ಸೇರಿಸಿದ್ದಾರೆ: ನಿಮಗೆ ಖಂಡಿತ ಬೇಡವಾದ ತರಕಾರಿ ಒಂದಿದ್ದರೆ ಬರೆಯಿರಿ, ಆದಷ್ಟು ಪ್ರಯತ್ನ ಮಾಡುತ್ತೇವೆ. ನಾನು ಅದನ್ನು ಖಾಲಿ ಬಿಡೋಣ ಅಂದೆ. ಮನೆಯವರು ಪೆನ್ನು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಜೆರುಸಲೇಂ ಆರ್ಟಿಚೋಕ್ ಅಂತ ಬರೆದರು, ಕೆಳಗೆ ಎರಡು ಗೆರೆ ಎಳೆದರು. ನಾನು ತಕರಾರು ಮಾಡಲಿಲ್ಲ.